ಭಾಕರಿಗೆ ಮುಂಚೆ ಐದು ಕಿಲೋಮೀಟರ್

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ದೊಡ್ಡ ಮರಗಳ ಜಾಗವಿದೆ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದಲೇ ಹೋಯಿತೆಂದು ಸಾರಿತು. ರೋಗ ಹೋಯಿತು, ಲಸಿಕೆಯೂ ಹೋಯಿತು, ಮರಗಳು ಮಾತ್ರ ಉಳಿದುಕೊಂಡವು. ಈಗ ಆ ಮರಗಳ ಕೆಳಗೆ ಬೆಳಗಿನ ಜಾವ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು, ಮೊಣಕಾಲು ನೋವಿನವರು ಸುತ್ತು ಹಾಕುತ್ತಾರೆ. ಒಟ್ಟಿನಲ್ಲಿ ಆ ಜಾಗಕ್ಕೂ ರೋಗಕ್ಕೂ ಇರುವ ನಂಟು ಕಡಿದುಹೋಗಿಲ್ಲ.

ನಮ್ಮ ಗುಂಪು ಹುಟ್ಟಿದ್ದು ಅಲ್ಲಿಯೇ. ಹುಟ್ಟಿಸಬೇಕೆಂದು ಯಾರೂ ಹುಟ್ಟಿಸಿದ್ದಲ್ಲ. ಎದುರು ಎದುರು ಸುತ್ತು ಹಾಕುವವರು ಮೊದಲು ತಲೆ ಅಲ್ಲಾಡಿಸುತ್ತಾರೆ, ಆಮೇಲೆ ‘ಹೂಂ, ಆತೇನ್ರಿ?’ ಅನ್ನುತ್ತಾರೆ, ಕೆಲವು ದಿನ ಕಳೆದ ಮೇಲೆ ಒಬ್ಬರು ದಿಕ್ಕು ಬದಲಿಸಿ ಇನ್ನೊಬ್ಬರ ಜೊತೆಗೇ ನಡೆಯತೊಡಗುತ್ತಾರೆ. ಹಾಗೆ ಕೂಡಿಕೊಂಡವರು ನಾವು ಹತ್ತು ಹನ್ನೆರಡು ಜನ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಸಾಹೇಬರು, ಅವರ ಮನೆಯವರಾದ ನಮ್ಮೆಲ್ಲರ ವೈನಿ, ಡಾಕ್ಟರ್ ಬಾಯಿ, ಸಾಲೆಯಲ್ಲಿ ಮೂವತ್ತು ವರ್ಷ ಸೀಟಿ ಊದಿದ ಪಿ.ಟಿ. ಮಾಸ್ತರರು, ಗಣಪತ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟ ಶೇಠರು. ಇವರ ಮೇಲೆ ಸುಭೇದಾರ ಸಾಹೇಬರು.

ಬೆಳಗಾವಿಯಲ್ಲಿ ನಡಿಗೆಗೆ ಮರ್ಯಾದೆ ಗಳಿಸುವುದು ಸುಲಭವಲ್ಲ. ಇದು ಪಲಟಣದ ಊರು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲಿದೆ, ಕಮಾಂಡೋಗಳ ತರಬೇತಿ ಇಲ್ಲಿ ನಡೆಯುತ್ತದೆ. ಬೆನ್ನಿಗೆ ಭಾರದ ಚೀಲ, ಕೈಯಲ್ಲಿ ಬಂದೂಕು ಹಿಡಿದ ಹುಡುಗರು ಬೆವರು ಸುರಿಸುತ್ತ ಓಡುವ ರಸ್ತೆಯಲ್ಲಿಯೇ, ಕಿವಿಗೆ ಮಫ್ಲರ್ ಸುತ್ತಿಕೊಂಡ ನಾವು ಮೆಂತ್ಯದ ನೀರು ಮೇಲೋ ಜೀರಿಗೆ ನೀರು ಮೇಲೋ ಎಂದು ಚರ್ಚಿಸುತ್ತ ನಡೆಯಬೇಕು. ಸುಭೇದಾರ ಸಾಹೇಬರು ಅದೇ ಮರಾಠಾ ಪಲಟಣದಲ್ಲಿ ಇದ್ದವರು. ಲೈಟ್ ಇನ್‌ಫಂಟ್ರಿಯ ಹೆಜ್ಜೆ ಉಳಿದ ಪಲಟಣಗಳಿಗಿಂತ ಚುರುಕು ಎಂಬುದು ಅವರ ಹೆಮ್ಮೆ, ನಮ್ಮ ಸಂಕಟ. ಅವರು ಮುಂದೆ ಹೋಗಿ, ತಿರುಗಿ ಬಂದು, ನಮ್ಮನ್ನು ಎಣಿಸಿ, ಮತ್ತೆ ಮುಂದೆ ಹೋಗುತ್ತಾರೆ. ನಾವು ಐದು ಕಿಲೋಮೀಟರ್ ನಡೆದರೆ ಅವರದು ಎಂಟಾಗಿರುತ್ತದೆ.

ಡಿಪೋದ ಸುತ್ತು ಬೇಸರವಾದಾಗ ಒಂದು ರವಿವಾರ ಊರ ಹೊರಗೆ ಹೋಗುವುದು ರೂಢಿಯಾಯಿತು. ಅದಕ್ಕೆ ಡಿಸೆಂಬರ್ ತಿಂಗಳೇ ಒಳ್ಳೆಯದು. ಥಂಡಿ ಇರುತ್ತದೆ, ಹೊಳೆಯಲ್ಲಿ ನೀರು ಇರುತ್ತದೆ, ಇನ್ನೊಂದು ಕಾರಣವೂ ಉಂಟು. 2012ರಲ್ಲಿ ಸುವರ್ಣ ವಿಧಾನಸೌಧ ತೆರೆದ ಮೇಲೆ ಚಳಿಗಾಲದ ಅಧಿವೇಶನಕ್ಕೆ ಇಡೀ ಸರಕಾರ ಬೆಳಗಾವಿಗೆ ಬರುತ್ತದೆ. ಸರಕಾರದ ಹಿಂದೆ ಮನವಿ ಹಿಡಿದವರು ಬರುತ್ತಾರೆ, ಅವರ ಹಿಂದೆ ಪೊಲೀಸರು, ಎಲ್ಲರ ಹಿಂದೆ ಕುಂದಾ ಕೊಳ್ಳುವವರು. ಆ ದಿನಗಳಲ್ಲಿ ಊರಿನವರು ಒಂದಿಷ್ಟು ಜಾಗ ಬಿಟ್ಟುಕೊಡುವುದು ಅತಿಥಿ ಸತ್ಕಾರದ ಭಾಗವೇ. ನಾವು ಖಾನಾಪುರದ ಕಡೆ ಮುಖ ಮಾಡುತ್ತೇವೆ.

ಖಾನಾಪುರ ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನ ಮೇಲೊಂದು ಚೂರು. ಕಾರಿನಲ್ಲಿ ಹೋಗಬಹುದು, ಶೇಠರು ಪ್ರತಿ ಸಲ ಹಾಗೆಯೇ ಸೂಚಿಸುತ್ತಾರೆ. ಆದರೆ ರೈಲಿನಲ್ಲಿ ಹೋಗುವುದಕ್ಕೆ ನಮ್ಮಲ್ಲಿ ಬೇರೆಯೇ ಆಸೆ ಇದೆ. ಟಿಳಕವಾಡಿಯವರ ಆಯುಷ್ಯದ ಒಂದು ಪಾಲು ಫಸ್ಟ್ ಗೇಟ್, ಸೆಕೆಂಡ್ ಗೇಟ್‌ಗಳ ಮುಂದೆ ಸ್ಕೂಟರ್ ಬಂದ್ ಮಾಡಿ ನಿಲ್ಲುವುದರಲ್ಲಿ ಹೋಗಿದೆ. ದಿನಾ ಕಾಯುವವರಿಗೆ ಒಂದು ದಿನವಾದರೂ ಗಾಡಿಯೊಳಗೆ ಕೂತು ಹೊರಗಿನವರನ್ನು ಕಾಯಿಸುವ ಸುಖ ಬೇಡವೇ? ಗೇಟು ದಾಟುವಾಗ ವೈನಿ ಕಿಡಕಿಯಿಂದ ಕೈ ಬೀಸುತ್ತಾರೆ. ಅತ್ತ ಹೆಲ್ಮೆಟ್ಟಿನೊಳಗಿಂದ ಯಾರೂ ಮರಳಿ ಕೈ ಬೀಸಿದ್ದನ್ನು ನಾನು ನೋಡಿಲ್ಲ.

ದೇಸೂರು, ಇದ್ದಲಹೊಂಡ ದಾಟುತ್ತಿದ್ದಂತೆ ನೆಲ ಕೆಂಪಾಗುತ್ತದೆ, ಭತ್ತ ಕೊಯ್ದ ಗದ್ದೆಗಳು ಬರುತ್ತವೆ, ಮರಗಳು ಒತ್ತಾಗುತ್ತವೆ. ಬಯಲುಸೀಮೆಯ ಮಂದಿ ಬೆಳಗಾವಿ ಜಿಲ್ಲೆ ಅಂದರೆ ಸವದತ್ತಿ, ಗೋಕಾಕದ ಬಿಸಿಲನ್ನು ನೆನೆಸುತ್ತಾರೆ. ಅದೇ ಜಿಲ್ಲೆಯ ಈ ತುದಿಯಲ್ಲಿ ಕಂಬಳಿ ಗೊಪ್ಪೆ ಇಲ್ಲದೆ ಮಳೆಗಾಲ ಕಳೆಯುವುದಿಲ್ಲ. ಖಾನಾಪುರದ ಮಣ್ಣಿಗೆ ಹೆಸರಿದೆ. ಹಂಚು, ಮಡಕೆ ಈ ಊರಿನ ಹಳೆಯ ಕಸುಬು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇಲ್ಲಿಯೇ ಇದೆ. ಆದರೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೆ ನಮ್ಮವರು ಕೇಳುವುದು ಮಣ್ಣಿನ ಸುದ್ದಿಯಲ್ಲ. ‘ಚಾ ಎಲ್ಲಿ ಛೊಲೋ ಸಿಗತೈತಿ?’ ಅಂತ. ಚಹಾ ಆದಮೇಲೆ ಮಿಸಳ್ ಅನ್ನುತ್ತಾರೆ. ಸುಭೇದಾರರು ಗಡಿಯಾರ ನೋಡುತ್ತಾರೆ. ‘ನಡಿಯಾಕ ಬಂದೀರೋ, ತಿನ್ನಾಕ ಬಂದೀರೋ?’ ಎಂಬ ಅವರ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ, ಬಾಯಲ್ಲಿ ಪಾವ್ ಇರುತ್ತದೆ.

ನಮ್ಮ ಹಾದಿ ಅಸೋಗಾದ ಕಡೆಗೆ. ಮಲಪ್ರಭೆಯ ದಂಡೆಯ ಮೇಲೆ ರಾಮಲಿಂಗೇಶ್ವರನ ಗುಡಿ ಇರುವ ಹಳ್ಳಿ ಅದು, ಖಾನಾಪುರದಿಂದ ನಾಲ್ಕೈದು ಕಿಲೋಮೀಟರ್. ನೆರಳಿನ ದಾರಿ, ದೊಡ್ಡ ಏರಿಲ್ಲ, ಎಡವಿದರೂ ಬೀಳುವುದು ಮೆತ್ತನೆಯ ಕೆಂಪು ಮಣ್ಣಿನ ಮೇಲೆ. ಒಂದು ತಾಸಿನಲ್ಲಿ ಮುಗಿಯುವ ಈ ದಾರಿಗೆ ನಮಗೆ ಎರಡೂವರೆ ತಾಸು ಬೇಕು. ಡಾಕ್ಟರ್ ಬಾಯಿ ಪ್ರತಿಯೊಂದು ಗಿಡದ ಮುಂದೆ ನಿಂತು ಇದು ಮತ್ತಿ, ಇದು ಹೊನ್ನೆ, ಇದು ಯಾವುದೋ ಗೊತ್ತಿಲ್ಲ ಎಂದು ಹಾಜರಿ ತೆಗೆಯುತ್ತಾರೆ. ಮ್ಯಾನೇಜರ್ ಸಾಹೇಬರ ಶೂ ಲೇಸ್ ಸರಿಯಾಗಿ ಏರು ಬಂದ ಕಡೆಯೇ ಬಿಚ್ಚುತ್ತದೆ. ಮಾಸ್ತರರಿಗೆ ಇತಿಹಾಸದ ಹುಚ್ಚು. ಇಲ್ಲಿಂದ ನಂದಗಡ ದೂರವಿಲ್ಲ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು ಎಂದು ಅವರು ಶುರು ಮಾಡುತ್ತಾರೆ. ಆ ಕಡೆ ಹಲಸಿ ಇದೆ, ಕದಂಬರ ಪಲಾಶಿಕೆ, ಬನವಾಸಿ ಅವರ ಮೊದಲ ರಾಜಧಾನಿಯಾದರೆ ಇದು ಎರಡನೆಯದು, ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿದ ಎಂದು ಮುಂದುವರಿಸುತ್ತಾರೆ. ಅವರ ಮಾತಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಐದನೆಯದಕ್ಕೆ ಹೋಗುವಷ್ಟರಲ್ಲಿ ನಾವು ಅರ್ಧ ಫರ್ಲಾಂಗ್ ನಡೆದಿರುತ್ತೇವೆ.

ಈ ಗದ್ದಲದಿಂದ ಹಕ್ಕಿಗಳೆಲ್ಲ ಹಾರಿಹೋಗುತ್ತವೆ ಎಂದು ಒಮ್ಮೆ ನಮ್ಮ ಜೊತೆ ಬಂದ ಕ್ಯಾಮೆರಾದ ಹುಡುಗನೊಬ್ಬ ಸಿಟ್ಟಾದ. ಅವನದು ನಿಜ. ಆದರೆ ಡಾಕ್ಟರ್ ಬಾಯಿಯ ವಾದವೂ ಸುಳ್ಳಲ್ಲ. ಖಾನಾಪುರದ ಕಾಡಿನಲ್ಲಿ ಕರಡಿಗಳಿವೆ. ಕರಡಿ ಮೈಮೇಲೆ ಬೀಳುವುದು ಮನುಷ್ಯ ಸದ್ದಿಲ್ಲದೆ ಹೋಗಿ ಅದರ ಎದುರಿಗೆ ನಿಂತಾಗ. ಸದ್ದು ಮಾಡುತ್ತ ಹೋದರೆ ಅದೇ ದೂರ ಸರಿಯುತ್ತದೆ. ‘ನಮ್ಮ ವೈನಿ ಸೊಸಿ ಸುದ್ದಿ ಹೇಳಾಕ ಹತ್ತಿದ್ರ ಖಾನಾಪುರ ತಾಲೂಕಿನ್ಯಾಗ ಒಂದು ಕರಡೀನೂ ಉಳಿಯಂಗಿಲ್ಲ’ ಎಂದರು ಬಾಯಿ. ವೈನಿ ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡರು.

ಹೊಳೆ ಮೊದಲು ಕೇಳಿಸುತ್ತದೆ, ಆಮೇಲೆ ಕಾಣಿಸುತ್ತದೆ. ಅಸೋಗಾದಲ್ಲಿ ಮಲಪ್ರಭೆ ಬಂಡೆಗಳ ಮಧ್ಯೆ ದಾರಿ ಹುಡುಕಿಕೊಂಡು ಹರಿಯುತ್ತದೆ. ಡಿಸೆಂಬರಿನಲ್ಲಿ ಅದಕ್ಕೆ ಅವಸರವಿಲ್ಲ. ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರೆ ಮೊಣಕಾಲಿನ ನೋವು ನೀರಿಗೆ ಹೋಯಿತೆಂದು ಮ್ಯಾನೇಜರ್ ಸಾಹೇಬರು ಹೇಳುತ್ತಾರೆ, ಮೇಲೇಳುವಾಗ ಅದು ವಾಪಸು ಬಂದಿರುತ್ತದೆ. ಚೀಲಗಳಿಂದ ಭಡಂಗ ಹೊರಗೆ ಬರುತ್ತದೆ, ಶೇಂಗಾ ಆರಿಸಿ ತಿನ್ನುವವರ ಮೇಲೆ ಶೇಠರು ಕಣ್ಣಿಟ್ಟಿರುತ್ತಾರೆ.

ಈ ಹೊಳೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಜಾಂಬೋಟಿಯ ಕಡೆ ಇಳಿದು, ಹಬ್ಬನಹಟ್ಟಿಯಲ್ಲಿ ಹೊಳೆಯ ನಡುವೆಯೇ ಕೂತಿರುವ ಮಾರುತಿಯನ್ನು ಮಳೆಗಾಲದಲ್ಲಿ ಪೂರ್ತಿ ಮುಳುಗಿಸಿ, ಖಾನಾಪುರಕ್ಕೆ ಬರುತ್ತದೆ. ಮುಂದೆ ನವಿಲುತೀರ್ಥದ ಅಣೆಕಟ್ಟು, ಆಮೇಲೆ ಪಟ್ಟದಕಲ್ಲು, ಐಹೊಳೆ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆ. ಮುನ್ನೂರು ಕಿಲೋಮೀಟರಿನ ಪಯಣ. ಮಾಸ್ತರರು ಭಡಂಗದ ಕೈ ತೊಳೆದುಕೊಳ್ಳುತ್ತ, ‘ಚಾಲುಕ್ಯರ ಗುಡಿಗೆ ನಮ್ಮ ಉಪ್ಪುಖಾರ ಹೊಂಟೈತಿ’ ಅಂದರು. ಪಟ್ಟದಕಲ್ಲು ಮುಟ್ಟುವ ಮೊದಲು ನವಿಲುತೀರ್ಥದ ಗೇಟಿನವರ ಒಪ್ಪಿಗೆ ಬೇಕಾಗುತ್ತದೆ, ಅದು ಬೇರೆ ಮಾತು.

ಅದೇ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಬೆನ್ನು ತಿರುಗಿಸಿ ಗೋವೆಯ ಕಡೆ ಹೊರಟುಬಿಡುತ್ತದೆ, ಅಲ್ಲಿ ಮಾಂಡೋವಿ ಎಂದು ಕರೆಸಿಕೊಂಡು ಪಣಜಿಯ ಬಳಿ ಕಡಲು ಸೇರುತ್ತದೆ. ಒಂದೇ ಮೋಡದ ಮಳೆ, ದಿಬ್ಬದ ಈ ಕಡೆ ಬಿದ್ದರೆ ಬಂಗಾಲದ ಕೊಲ್ಲಿ, ಆ ಕಡೆ ಬಿದ್ದರೆ ಅರಬ್ಬೀ ಸಮುದ್ರ. ಆ ಕಡೆಯ ನೀರಿನಲ್ಲಿ ಚೂರು ಈ ಕಡೆಗೆ ತಿರುಗಿಸಬೇಕೆಂಬುದೇ ಕಳಸಾ-ಬಂಡೂರಿ ಯೋಜನೆ. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದು ಇದಕ್ಕಾಗಿಯೇ. 2010ರಲ್ಲಿ ನ್ಯಾಯಮಂಡಳಿ ಕೂತಿತು, 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಹೇಳಿತು. ಹೊಳೆಯ ದಂಡೆಯ ಮೇಲೆ ನಮ್ಮ ಗುಂಪಿನಲ್ಲಿ ಈ ವಿಷಯ ಎತ್ತುವುದನ್ನು ಸುಭೇದಾರರು ನಿಷೇಧಿಸಿದ್ದಾರೆ. ಯಾಕೆಂದರೆ ಡಾಕ್ಟರ್ ಬಾಯಿಯ ತವರು ಮಡಗಾಂವ, ಮಾಸ್ತರರದು ನವಲಗುಂದ.

ಅಸೋಗಾದಲ್ಲೇ ನಿಲ್ಲುತ್ತೀರಲ್ಲ, ನಿಜವಾದ ಕಾಡು ಇನ್ನೂ ಒಳಗಿದೆಯಲ್ಲ ಎಂದು ಕೇಳುವವರು ಇದ್ದಾರೆ. ಇದೆ. ಹೆಮ್ಮಡಗಾದ ಆಚೆ ಭೀಮಗಡ. 2011ರ ಡಿಸೆಂಬರಿನಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ 190 ಚದರ ಕಿಲೋಮೀಟರ್ ಕಾಡು. ಅದರೊಳಗಿನ ಬಾರಾಪೇಡೆ ಗವಿಯಲ್ಲಿ ಒಂದು ಅಪರೂಪದ ಬಾವಲಿ ಇದೆ, ಮುಂಬಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ರಾಟನ್ ಎಂಬವನ ಹೆಸರು ಹೊತ್ತದ್ದು. 1913ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಬಹುಕಾಲ ಜಗತ್ತಿನಲ್ಲಿ ಆ ಬಾವಲಿಗೆ ಇದೊಂದೇ ಮನೆ ಎಂದು ನಂಬಿದ್ದರು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಅದರ ಬಳಗ ಸಿಕ್ಕಿತು. ಅಲ್ಲಿಗೆ ಬೇಕೆಂದಾಗ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಪರವಾನಗಿ ಬೇಕು. ಮಳೆಗಾಲದಲ್ಲಂತೂ ಜಲಪಾತಗಳ ದಾರಿಯನ್ನೇ ಮುಚ್ಚುತ್ತಾರೆ.

ಮ್ಯಾನೇಜರ್ ಸಾಹೇಬರಿಗೆ ಇದು ಸೇರುವುದಿಲ್ಲ. ಅವರ ಮಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದಾಳೆ, ಅವರು ಒಂದು ಬೇಸಿಗೆ ಅಲ್ಲಿದ್ದು ಬಂದವರು. ಅಲ್ಲಿ 1932ರ ಏಪ್ರಿಲಿನಲ್ಲಿ ಗಿರಣಿ ಊರುಗಳ ನೂರಾರು ಹುಡುಗರು ಜಮೀನುದಾರರ ಬೇಟೆಗೆಂದು ಮುಚ್ಚಿಟ್ಟ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಬೇಕೆಂದೇ ಹತ್ತಿದರು, ಐವರು ಜೈಲಿಗೆ ಹೋದರು. 1935ರಲ್ಲಿ ನಡೆಯುವವರ ರಾಷ್ಟ್ರಮಟ್ಟದ ಸಂಘ ಕಟ್ಟಿಕೊಂಡರು. ಬೆಟ್ಟ ಬಯಲುಗಳಲ್ಲಿ ನಡೆಯುವ ಹಕ್ಕಿಗೆ 2000ದಲ್ಲಿ ಕಾನೂನೇ ಆಯಿತು. ‘ನಡಿಯೂದೂ ಒಂದು ಹಕ್ಕರಿ’ ಎನ್ನುತ್ತಾರೆ ಸಾಹೇಬರು, ಬಂಡೆಯಿಂದ ಏಳಲು ಯಾರಾದರೂ ಕೈ ಕೊಡಲೆಂದು ಕಾಯುತ್ತ.

ಆ ಹುಡುಗರ ಎದುರಿಗೆ ಇದ್ದದ್ದು ಜಮೀನುದಾರ. ಇಲ್ಲಿ ಇರುವುದು ಕರಡಿ, ಕಾಡುಕೋಣ, ಬಾವಲಿ, ಅವು ಮೊಕದ್ದಮೆ ಹಾಕಲಾರವು. ಗೇಟು ಮುಚ್ಚಿರಲಿ ಎಂಬುದೇ ನನ್ನ ಮತ. ನನಗೆ ಅಳುಕಾಗುವುದು ಬೇರೆ ಕಾರಣಕ್ಕೆ. ಆ ಗೇಟಿನ ಒಳಗೆ ಗವಳಿ, ಆಮಗಾಂವದಂಥ ಹಳ್ಳಿಗಳಿವೆ. ಮಳೆ ಹಿಡಿದಾಗ ಹಳ್ಳ ತುಂಬಿ, ಕಾಯಿಲೆಯವರನ್ನು ಡೋಲಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆದು ದವಾಖಾನೆಯ ಗಾಡಿ ಮುಟ್ಟಿಸಬೇಕಾದ ಹಳ್ಳಿಗಳು ಅವು. ಪರಿಹಾರ ಪಡೆದು ಹೊರಬರುವ ಮಾತು ಕೆಲವು ಕಡೆ ನಡೆದಿದೆ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಒಳಗಿನ ಹಳ್ಳಿಯ ಮುದುಕನೊಬ್ಬ, ನಮ್ಮ ಬೂಟು, ಕೋಲು, ಟೊಪ್ಪಿಗೆಗಳನ್ನು ನೋಡಿ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ನಡೆಯಲಿಕ್ಕೆ ಎಂದೆವು. ‘ಬಸ್ ತಪ್ಪಿತೇನು?’ ಎಂದ.

ಇನ್ನು ಊಟದ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇದಕ್ಕೇ ಎಂದು ಚಾಣಾಕ್ಷ ಓದುಗರು ಊಹಿಸಿರಬಹುದು. ಇಂಗ್ಲೆಂಡಿನಲ್ಲಿ ಇಂಥ ಗುಂಪುಗಳ ನಡಿಗೆ ಮುಗಿಯುವುದು ಪಬ್ಬಿನಲ್ಲಂತೆ. ಕೆಸರು ಬೂಟು, ತೊಯ್ದ ನಾಯಿ ಎಲ್ಲಕ್ಕೂ ಒಳಗೆ ಜಾಗವಂತೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು ಯಾವುದು ಎಂಬ ಚರ್ಚೆ ಎದ್ದಾಗ ಗಂಡಸರ ಪೈಕಿ ಇಬ್ಬರು ಹೆದ್ದಾರಿಯ ಬಾರ್ ಅಂಡ್ ರೆಸ್ಟೋರೆಂಟ್ ಎಂದರು. ಅಲ್ಲಿ ಹೆಣ್ಣುಮಕ್ಕಳನ್ನು ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಕಳಿಸುತ್ತಾರೆ, ಒಳಗೆ ಒಂದೇ ಟ್ಯೂಬ್‌ಲೈಟು. ವೈನಿ ಹೇಳಿದರು, ‘ಹೊಳಿ ದಂಡೀಮ್ಯಾಲ ಕೂಡಿ ನಡದು, ಉಣ್ಣೂಮುಂದ ಕಪಾಟಿನ್ಯಾಗ ಕೂಡೂದೇನು?’ ಅಲ್ಲಿಗೆ ಬಾರ್ ಮುಗಿಯಿತು. ಸುಭೇದಾರರ ಮನೆಯಲ್ಲಿ ಕ್ಯಾಂಟೀನ್ ರಮ್ಮಿನ ಕೋಟಾ ಇದೆ, ಅದು ಮನೆಯಲ್ಲಿಯೇ ಇರಲಿ ಎಂದು ತೀರ್ಮಾನವಾಯಿತು.

ಹಾಗಾಗಿ ಖಾನಾವಳಿ. ಹಂಚಿನ ಮನೆ, ಉದ್ದ ಬಾಕು, ಸ್ಟೀಲಿನ ತಾಟು, ಒಳಗೆ ಮಾವಶಿ ಭಾಕರಿ ಬಡಿಯುವ ಸದ್ದು. ಅಡಿಗೆಯಲ್ಲಿ ಕೊಲ್ಲಾಪುರವೂ ಇದೆ, ಧಾರವಾಡವೂ ಇದೆ. ಮಟನ್ ಸುಕ್ಕಾ, ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಒಂದು ಕಡೆ. ಝುಣಕಾ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇನ್ನೊಂದು ಕಡೆ. ಎರಡೂ ಕಡೆಗೂ ಹಸಿ ಉಳ್ಳಾಗಡ್ಡಿ. ಇಲ್ಲಿ ಕೂತ ಕೂಡಲೆ ನಮ್ಮ ಗುಂಪು ಕಣಕುಂಬಿಯ ದಿಬ್ಬಕ್ಕೆ ಬಿದ್ದ ಮಳೆಯಂತೆ ಎರಡಾಗುತ್ತದೆ. ಶಾಕಾಹಾರಿಗಳು ಕಿಡಕಿಯ ಕಡೆ, ಉಳಿದವರು ಗೋಡೆಯ ಕಡೆ. ಆದರೆ ನೀರಿನಂತೆ ರಸ್ಸಾಕ್ಕೂ ಗಡಿ ಗೊತ್ತಾಗುವುದಿಲ್ಲ. ಹುಟ್ಟಾ ಶಾಕಾಹಾರಿಯಾದ ಶೇಠರು ಅರ್ಧ ಭಾಕರಿಯ ಮೇಲೆ ಅತ್ತಿತ್ತ ನೋಡಿ, ಮಾಸ್ತರರ ವಾಟಿಯಲ್ಲಿ ಒಂದು ತುತ್ತು ಅದ್ದುತ್ತಾರೆ. ‘ತುಣುಕು ಮುಟ್ಟಿಲ್ರಿ, ಬರೇ ರಸ’ ಎನ್ನುತ್ತಾರೆ. ಯಾರೂ ಕೇಳಿರುವುದಿಲ್ಲ. ಬಡಿಸುವ ಹುಡುಗ ಎಲ್ಲವನ್ನೂ ನೋಡಿ ಅವರ ಮುಂದೆಯೂ ಒಂದು ವಾಟಿ ಇಟ್ಟು ಹೋಗುತ್ತಾನೆ. ಎಂಟು ವರ್ಷ ತೆಗೆದುಕೊಂಡ ನ್ಯಾಯಮಂಡಳಿಯ ಮುಂದೆ ಆ ಹುಡುಗನ ಹಂಚಿಕೆ ಒಂದು ನಿಮಿಷದ್ದು, ಅದರ ಮೇಲೆ ಯಾವ ರಾಜ್ಯವೂ ಮೇಲ್ಮನವಿ ಹೋಗಿಲ್ಲ.

ಊಟದ ಹೊತ್ತಿನಲ್ಲಿ ನಡಿಗೆ ಇನ್ನೊಮ್ಮೆ ನಡೆಯುತ್ತದೆ, ಈ ಸಲ ಬಲು ಜೋರಾಗಿ. ಐದು ಕಿಲೋಮೀಟರ್ ಮೊದಲ ಭಾಕರಿಗೆ ಏಳಾಗುತ್ತದೆ, ಎರಡನೆಯದಕ್ಕೆ ಹತ್ತಾಗುತ್ತದೆ. ಮ್ಯಾನೇಜರ್ ಸಾಹೇಬರು ಹತ್ತಿದ ದಿನ್ನೆ ಬೆಟ್ಟವಾಗುತ್ತದೆ. ಪೊದೆಯಲ್ಲಿ ಸರಿದುಹೋದ ನಾಯಿಗೆ ಕರಡಿಯ ಲಕ್ಷಣಗಳು ಬರುತ್ತವೆ. ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುವ ಕ್ಯಾಮೆರಾದ ಹುಡುಗ ನಿಜವಾದ ಲೆಕ್ಕ ಹೇಳಲು ಬಾಯಿ ತೆರೆದಾಗ ವೈನಿ ಅವನ ತಾಟಿಗೆ ಮೂರನೆಯ ಭಾಕರಿ ಹಾಕಿದರು. ಸುಟ್ಟ ಕ್ಯಾಲರಿ ಎಷ್ಟು, ತಿಂದ ಕ್ಯಾಲರಿ ಎಷ್ಟು ಎಂಬುದನ್ನು ಡಾಕ್ಟರ್ ಬಾಯಿ ಎಂದೂ ಎತ್ತುವುದಿಲ್ಲ, ಅವರಿಗೆ ರವಿವಾರ ಸೂಟಿ.

ಬರಿಯ ಆರೋಗ್ಯಕ್ಕೆಂದು ಹುಟ್ಟಿದ ವಾಕಿಂಗ್ ಗುಂಪುಗಳನ್ನು ಡಿಪೋದಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದೇ ಬಣ್ಣದ ಟೀ ಶರ್ಟ್ ಹೊಲಿಸುತ್ತಾರೆ, ಅಧ್ಯಕ್ಷ, ಖಜಾಂಚಿ ಎಂದು ಆರಿಸುತ್ತಾರೆ, ಮಳೆಗಾಲ ಬರುವಷ್ಟರಲ್ಲಿ ಟೀ ಶರ್ಟು ಮನೆಯ ನೆಲ ಒರೆಸುತ್ತಿರುತ್ತದೆ. ನಮ್ಮದಕ್ಕೆ ಹೆಸರಿಲ್ಲ, ಪದಾಧಿಕಾರಿಗಳಿಲ್ಲ, ಇನ್ನೂ ಇದೆ. ಒಂಟಿಯಾಗಿ ನಡೆಯುವವನು ಹೊಳೆಯನ್ನೋ ಹಕ್ಕಿಯನ್ನೋ ನಮಗಿಂತ ಚೆನ್ನಾಗಿ ನೋಡುತ್ತಾನೆ, ಅದನ್ನು ಒಪ್ಪುತ್ತೇನೆ. ಆದರೆ ಅವನಿಗೆ ಸುಳ್ಳು ಹೇಳಲು ಎದುರಿಗೆ ಯಾರೂ ಇರುವುದಿಲ್ಲ.

ನೀವೂ ಹೋಗುವವರಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಅಸೋಗಾದ ಬಂಡೆಗಳ ಮೇಲೆ ಇಳಿಯಬೇಡಿ, ಹೊಳೆ ಏರುವುದು ಗೊತ್ತಾಗುವುದಿಲ್ಲ. ತಿಂದ ಭಡಂಗದ ಪ್ಲಾಸ್ಟಿಕ್ಕು ಚೀಲದಲ್ಲೇ ವಾಪಸು ಬರಲಿ. ಖಾನಾವಳಿಗೆ ಖಾನಾಪುರದಲ್ಲಿ ಇಳಿದ ಕೂಡಲೆ ಹೇಳಿಬಿಡಿ, ಭಾಕರಿ ಬಡಿಯಲು ಹೊತ್ತು ಬೇಕು. ‘ನನಗ ಎರಡ ಸಾಕು’ ಎನ್ನುವವರ ಮಾತನ್ನು ಮಾತ್ರ ನಂಬಬೇಡಿ, ತಲೆಗೆ ಮೂರರ ಲೆಕ್ಕ ಹಿಡಿಯಿರಿ.